ಡ್ರ್ಯಾಗನ್ ಹಣ್ಣಿನ ಬಳ್ಳಿಯ ಕೊಳೆ: ಔಷಧಕ್ಕೆ ಮುಂಚೆ ಬೇರನ್ನು ನೋಡಿರಿ

ಹೊಸ ಬೆಳೆಯೊಂದು ಒಂದು ಸೀಮೆಗೆ ಕಾಲಿಟ್ಟಾಗ ಅದರ ಸಂಗಡಲೇ ಎರಡು ಬಗೆಯ ಮಾತುಗಳು ಹುಟ್ಟಿಕೊಳ್ಳುವುದು ವಾಡಿಕೆ. ಬೆಳೆಯು ಸೊಗಸಾಗಿ ಕಂಡಷ್ಟು ದಿವಸವೂ ಅದರಂತಹುದು ಮತ್ತೊಂದಿಲ್ಲವೆಂಬ ಹೊಗಳಿಕೆ. ಒಂದು ಮಳೆಗಾಲದಲ್ಲಿ ನಾಲ್ಕು ಗಿಡ ಕೊಳೆತೊಡನೆ ಅದು ನಮ್ಮ ನೆಲಕ್ಕೆ ಒಗ್ಗದೆಂಬ ತೆಗಳಿಕೆ. ಡ್ರ್ಯಾಗನ್ ಹಣ್ಣಿನ ವಿಷಯದಲ್ಲಿ ತುಮಕೂರು, ಗುಬ್ಬಿ ಮತ್ತು ಕುಣಿಗಲು ತಾಲ್ಲೂಕುಗಳ ರೈತರು ಈಗ ಈ ಎರಡು ಮಾತುಗಳ ನಡುವೆ ನಿಂತಿದ್ದಾರೆ. ಎರಡರಲ್ಲಿಯೂ ಸತ್ಯವು ಅರ್ಧದಷ್ಟೇ ಇರುವುದೆಂದೂ, ಸಾಯುತ್ತಿರುವ ಬಳ್ಳಿಗಳಲ್ಲಿ ಬಹು ಭಾಗವನ್ನು ಉಳಿಸಿಕೊಳ್ಳಬಹುದೆಂದೂ, ಆದರೆ ಅದಕ್ಕೆ ಮೊದಲು ಬೇಕಾದುದು ಔಷಧದ ಸೀಸೆಯಲ್ಲ, ಗುದ್ದಲಿಯೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ವಿಷಯವು ಹಗುರವಾದುದಲ್ಲ. ರಾಗಿಯ ಬೆಳೆ ಒಂದು ವರ್ಷ ಕೈಕೊಟ್ಟರೆ ಮರುವರ್ಷ ಅದೇ ಹೊಲವನ್ನು ಉತ್ತು ಬಿತ್ತಬಹುದು. ಈ ಬೆಳೆಗಾದರೋ ಕಲ್ಲುಕಂಬ, ಕಂಬದ ನೆತ್ತಿಯ ಮೇಲಣ ಚೌಕಟ್ಟು, ಹನಿ ನೀರಾವರಿಯ ಕೊಳವೆ, ಸಸಿ, ಕೂಲಿ ಎಂದು ಮೊದಲನೆಯ ವರ್ಷದಲ್ಲಿಯೇ ಬಂಡವಾಳವೆಲ್ಲವೂ ನೆಲಕ್ಕೆ ಇಳಿದುಬಿಟ್ಟಿರುತ್ತದೆ. ಫಲವು ಕಾಣಬೇಕಾದರೆ ಎರಡನೆಯ ವರ್ಷವನ್ನು ಕಾಯಬೇಕು. ಸಾಲ ಮಾಡಿ ಕಂಬ ನೆಟ್ಟ ಸಣ್ಣ ಹಿಡುವಳಿದಾರನಿಗೆ, ಹೂ ಬಿಡುವ ಹೊತ್ತಿಗೆ ಬುಡ ಕೊಳೆತರೆ ಹೋಗುವುದು ಒಂದು ಬೆಳೆಯಲ್ಲ, ಹಲವು ವರ್ಷಗಳ ನೆಮ್ಮದಿ.

ಬಳ್ಳಿಯ ಸ್ವಭಾವ

ಈ ಗಿಡವು ಕಳ್ಳಿಯ ಕುಲಕ್ಕೆ ಸೇರಿದುದು ನಿಜ. ಆದಕಾರಣ ಇದು ಮರಳುಗಾಡಿನ ಗಿಡವೆಂದು ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಇದು ಮರಗಳನ್ನು ಹಿಡಿದು ಹತ್ತಿ, ಎಲೆಗಳ ನಡುವೆ ಸೋಸಿ ಬರುವ ಬಿಸಿಲಿನಲ್ಲಿ ಬೆಳೆಯತಕ್ಕ ಬಳ್ಳಿ. ಅದರ ಬೇರುಗಳು ಆಳಕ್ಕೆ ಇಳಿಯುವುದಿಲ್ಲ. ಮೇಲ್ಮಣ್ಣಿನಲ್ಲಿ ಒಂದು ಗೇಣು, ಒಂದೂವರೆ ಗೇಣಿನೊಳಗೆ ಹರಡಿಕೊಂಡು ಗಾಳಿಯನ್ನೂ ತೇವವನ್ನೂ ಒಟ್ಟಿಗೆ ಬಯಸುತ್ತವೆ. ಕಾಂಡದಿಂದ ಹೊರಡುವ ಬಿಳಲುಬೇರುಗಳು ಮರದ ತೊಗಟೆಯನ್ನೋ ಕಂಬವನ್ನೋ ಕಚ್ಚಿಕೊಳ್ಳುತ್ತವೆ. ಇತರ ಗಿಡಗಳು ಹಗಲಿನಲ್ಲಿ ಉಸಿರಾಡುವಂತೆ ಇದು ಮಾಡುವುದಿಲ್ಲ. ಹಗಲು ತನ್ನ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯಲ್ಲಿ ತೆರೆಯುತ್ತದೆ. ಹೀಗೆ ನೀರನ್ನು ಜಿಪುಣತನದಿಂದ ವೆಚ್ಚ ಮಾಡುವ ಗಿಡಕ್ಕೆ ಅಡಕೆಗೆ ಕೊಡುವಂತೆ ನೀರು ಕೊಟ್ಟರೆ, ಅದು ಕುಡಿಯದ ನೀರು ಬುಡದಲ್ಲಿಯೇ ನಿಲ್ಲುತ್ತದೆ.

ಅತಿಯಾದ ನೀರು ಹಾನಿಕರವೆಂದ ಮಾತ್ರಕ್ಕೆ ನೀರೇ ಬೇಡವೆಂದಲ್ಲ. ಕಾಡಿನ ಬಳ್ಳಿಯಾದ ಇದಕ್ಕೆ ಬೇಸಗೆಯಲ್ಲಿ ಅಲ್ಪಸ್ವಲ್ಪ ತೇವವೂ ಪಡುವಣದ ಬಿಸಿಲಿಗೆ ತೆಳು ನೆರಳೂ ಬೇಕು. ಎರಡು ಕಡೆಯ ಅತಿಯನ್ನೂ ಇದು ತಾಳಲಾರದು.

ಕಳ್ಳಿಗೆ ರೋಗವಿಲ್ಲವೆಂಬ ಭ್ರಮೆ

ನೆಟ್ಟು ಮರೆತುಬಿಡಬಹುದಾದ ಬೆಳೆಯಿದು, ಕಳ್ಳಿಗೆ ಯಾವ ರೋಗವೂ ತಾಗದು ಎಂದು ಸಸಿ ಮಾರುವವರು ಹೇಳುವುದುಂಟು. ನಮ್ಮ ದೇಶದ ಅನುಭವವೇ ಇದಕ್ಕೆ ಪ್ರತಿಕೂಲವಾಗಿದೆ. ಒಂದು ಕಾಲದಲ್ಲಿ ದಕ್ಷಿಣ ಭಾರತದ ಬೀಳು ಭೂಮಿಗಳನ್ನೂ ಬೇಲಿಗಳನ್ನೂ ಆವರಿಸಿಕೊಂಡಿದ್ದ ಪಾಪಾಸುಕಳ್ಳಿಯನ್ನು ಮನುಷ್ಯನ ಮಚ್ಚು ಗೆಲ್ಲಲಿಲ್ಲ. 1926ರಲ್ಲಿ ಸಿಂಹಳದಿಂದ ತರಿಸಿ ಬಿಟ್ಟ ಕೊಚಿನೀಲ್ ಎಂಬ ಪುಟ್ಟ ಕೀಟವು ಕೆಲವೇ ವರ್ಷಗಳಲ್ಲಿ ಅದನ್ನು ವಿಸ್ತಾರವಾದ ಪ್ರದೇಶಗಳಲ್ಲಿ ನೆಲಸಮ ಮಾಡಿತು. ಮುಳ್ಳಿನ ಕೋಟೆಯಂತೆ ನಿಂತಿದ್ದ ಗಿಡವೇ ಹತ್ತಿಯಂತಹ ಬಿಳಿಯ ಹುಳುವಿಗೆ ಸೋತಿತು.

ಡ್ರ್ಯಾಗನ್ ಹಣ್ಣಿನ ಬಳ್ಳಿಗೂ ಅದರದೇ ಶತ್ರುಗಳುಂಟು. ಕಾಂಡದ ಮೇಲೆ ಹುಣ್ಣುಗಳನ್ನು ಎಬ್ಬಿಸುವ ನಿಯೋಸೈಟಲಿಡಿಯಮ್ ಎಂಬ ಬೂಷ್ಟು ಈ ಬೆಳೆಯ ಮೇಲೆ ಕಂಡುದಾಗಿ ತೈವಾನಿನಿಂದ 2012ರಲ್ಲಿ ವರದಿಯಾಯಿತು. ಮಲೇಶಿಯ, ವಿಯೆಟ್ನಾಂ ಮುಂತಾದ ದೇಶಗಳ ತೋಟಗಳೂ ಅದರ ಬಾಧೆಯನ್ನು ಅನುಭವಿಸಿವೆ. ಇವೆಲ್ಲವೂ ಬೆಚ್ಚನೆಯ, ತೇವ ತುಂಬಿದ ಸೀಮೆಗಳು. ನಮ್ಮದು ಅಂತಹ ಸೀಮೆಯಲ್ಲವೆಂದು ಸಮಾಧಾನ ಪಡುವುದು ಬೇಡ. ವರ್ಷದ ಬಹು ತಿಂಗಳು ತುಮಕೂರು ಸೀಮೆಯ ಗಾಳಿ ಒಣಗಿದುದೇ ಆದರೂ, ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ಹಿಡಿದುಕೊಂಡರೆ ಸೆಪ್ಟೆಂಬರು, ಅಕ್ಟೋಬರು ತಿಂಗಳುಗಳಲ್ಲಿ ವಾರಗಟ್ಟಲೆ ಮೋಡವೂ ಮಂಜೂ ಕವಿದು ಕಾಂಡವು ಒಣಗುವುದೇ ಇಲ್ಲ. ಹೇಮಾವತಿಯ ನಾಲೆಯ ನೀರು ಬಂದು ಕೆರೆಗಳು ತುಂಬಿದ ವರ್ಷಗಳಲ್ಲಿ, ಕೆರೆಯ ಹಿಂದಣ ಅಚ್ಚುಕಟ್ಟಿನ ಭೂಮಿಯಲ್ಲಿ ಮೊಣಕಾಲುದ್ದ ತೋಡಿದರೆ ಸಾಕು, ಒರತೆ ಕಾಣುತ್ತದೆ. ಗುಬ್ಬಿ, ಕುಣಿಗಲುಗಳ ಅಡಕೆ ತೆಂಗುಗಳಿಗೆ ವರವಾದ ಆ ತಣ್ಣನೆಯ ನೆಲವೇ ಈ ಬಳ್ಳಿಗೆ ಮೃತ್ಯು.

ರೋಗವನ್ನು ಗುರುತಿಸುವ ಬಗೆ

ಬಳ್ಳಿ ಬಾಡಿದುದನ್ನು ಕಂಡ ರೈತನು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ನೀರು ಬಿಡುವುದು. ಎರಡನೆಯದು ಅಂಗಡಿಗೆ ಹೋಗಿ ಔಷಧ ಕೇಳುವುದು. ಎರಡೂ ಅವಸರದ ಕೆಲಸಗಳು. ಬೇರು ಕೊಳೆತ ಬಳ್ಳಿಯೂ ಬಾಡುತ್ತದೆ, ಬಾಯಾರಿದ ಬಳ್ಳಿಯೂ ಬಾಡುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದೆ ಬೇರುಗಳು ಸತ್ತರೆ, ಸುತ್ತಲೂ ನೀರಿದ್ದರೂ ಗಿಡಕ್ಕೆ ಕುಡಿಯುವ ಬಾಯಿಯೇ ಇರುವುದಿಲ್ಲ. ಆಗ ಕಾಂಡದ ಏಣುಗಳು ಸೊರಗುತ್ತವೆ. ಅದನ್ನು ನೀರಡಿಕೆಯೆಂದು ಬಗೆದು ಮತ್ತಷ್ಟು ನೀರು ಬಿಟ್ಟರೆ, ಉಳಿದಿದ್ದ ನಾಲ್ಕು ಬೇರುಗಳೂ ಹೋಗುತ್ತವೆ. ಒಂದೇ ಲಕ್ಷಣಕ್ಕೆ ಎರಡು ವಿರುದ್ಧ ಕಾರಣಗಳಿರುವಲ್ಲಿ ಕಣ್ಣಿನ ಸಾಕ್ಷ್ಯವೊಂದನ್ನೇ ನಂಬಕೂಡದು.

ಆದುದರಿಂದ ಮೊದಲು ಬುಡದ ಮಣ್ಣನ್ನು ಗುದ್ದಲಿಯಿಂದ ಒಂದು ಗೇಣು ಬಿಡಿಸಿ ನೋಡತಕ್ಕದ್ದು. ಮಣ್ಣು ಪುಡಿಯಾಗಿ, ಬೇರುಗಳು ಗಟ್ಟಿಯಾಗಿದ್ದು, ಒಳಗೆ ಬೆಳ್ಳಗಿದ್ದರೆ ಗಿಡವು ಬಾಯಾರಿದೆ. ನೀರು ಕೊಟ್ಟರೆ ಕೆಲವು ದಿವಸಗಳಲ್ಲಿ ಏಣುಗಳು ತುಂಬಿಕೊಳ್ಳುತ್ತವೆ. ಮಣ್ಣು ಕೈಗೆ ಮೆತ್ತಿಕೊಂಡು ಹುಳಿನಾತ ಬೀರುತ್ತಿದ್ದು, ಬೇರನ್ನು ಎಳೆದರೆ ಕಂದುಬಣ್ಣದ ಸಿಪ್ಪೆ ಕಳಚಿ ನಡುವಿನ ನೂಲು ಮಾತ್ರ ಕೈಗೆ ಬಂದರೆ ಅದು ಬೇರುಕೊಳೆ. ಇಂತಹ ಗಿಡಕ್ಕೆ ಆ ದಿನದಿಂದಲೇ ನೀರನ್ನು ನಿಲ್ಲಿಸಬೇಕು.

ಬೇರು ಸರಿಯಾಗಿದ್ದು ಕಾಂಡವೇ ಕೆಟ್ಟಿದ್ದರೆ ಮೂರು ಸಂಗತಿಗಳನ್ನು ವಿಚಾರಿಸಬೇಕು. ಕೇಡು ಯಾವ ದಿಕ್ಕಿನಲ್ಲಿದೆ? ಕಂಬಕಂಬಕ್ಕೂ ಪಡುವಣ ಪಾರ್ಶ್ವವೇ ಹಳದಿಯಾಗಿ, ಬಳಿಕ ಬಿಳಿಚಿ ಒಣಗಿದ್ದರೆ ಅದು ಮಾರ್ಚಿಯಿಂದ ಮೇ ತಿಂಗಳವರೆಗಿನ ಬಿಸಿಲಿನ ಸುಡುವಿಕೆ, ರೋಗವಲ್ಲ. ಆದರೆ ಸುಟ್ಟ ಚರ್ಮವು ಮಳೆಗಾಲದಲ್ಲಿ ರೋಗಕ್ಕೆ ಬಾಗಿಲಾಗುವುದರಿಂದ ಅದನ್ನು ಅಲಕ್ಷ್ಯ ಮಾಡುವಂತಿಲ್ಲ. ಬೆರಳಿನಿಂದ ಒತ್ತಿದರೆ ಹೇಗಿದೆ? ನೀರು ತುಂಬಿದಂತೆ ಮೆತ್ತಗಾಗಿ, ದುರ್ನಾತದೊಡನೆ ಹಳದಿಯ ರಸ ಒಸರಿದರೆ ಅದು ಮೆದುಕೊಳೆ. ಗಾಯದ ಮೂಲಕ ಹೊಕ್ಕು ಒಂದೆರಡು ದಿವಸಗಳಲ್ಲಿಯೇ ಹಬ್ಬಬಲ್ಲುದು. ಚುಕ್ಕೆಗಳ ರೂಪವೇನು? ಮೊದಲು ಒಳಸರಿದ ಸಣ್ಣ ಕಿತ್ತಳೆ ಬಣ್ಣದ ಚುಕ್ಕೆ, ಬಳಿಕ ಕಂದಾದ ಹಕ್ಕಳೆ, ಅದರ ಮೇಲೆ ಸೂಜಿಯ ಮೊನೆಯಷ್ಟು ಕಪ್ಪು ಕಾಳುಗಳು ಕಂಡರೆ ಮೇಲೆ ಹೇಳಿದ ಕಾಂಡಹುಣ್ಣೆಂದು ಶಂಕಿಸಬೇಕು. ಕೆಂಪುಮಿಶ್ರಿತ ಕಂದು ಮಚ್ಚೆಗೆ ಹಳದಿಯ ಅಂಚು ಕಟ್ಟಿದ್ದರೆ ಅದು ಚಿಬ್ಬುರೋಗವಾಗಿರಬಹುದು. ಇವೆರಡನ್ನು ಬರಿಗಣ್ಣಿನಿಂದ ಖಂಡಿತವಾಗಿ ಬೇರ್ಪಡಿಸುವುದು ಕಷ್ಟವಾದ ಕಾರಣ, ಸಂದೇಹವಿರುವಲ್ಲಿ ರೋಗ ತಗುಲಿದ ತುಂಡನ್ನು ಕಾಗದದಲ್ಲಿ ಸುತ್ತಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ತಾಲ್ಲೂಕಿನ ತೋಟಗಾರಿಕೆ ಕಚೇರಿಗಾಗಲಿ ಒಯ್ದು ತೋರಿಸುವುದು ಲೇಸು.

ಐದು ನೂರು ಕಂಬಗಳ ತೋಟದಲ್ಲಿ ಬುಡಬುಡವನ್ನೂ ತೋಡಿ ನೋಡುವುದು ಆಗುವ ಮಾತೇ ಎಂದು ಕೇಳಬಹುದು. ಹಾಗೆ ಮಾಡಬೇಕಾಗಿಲ್ಲ. ಹೊಲದ ಇಳಿಜಾರಿನ ಕೆಳತುದಿಯಲ್ಲಿ ಐದು, ನಡುವೆ ಮೂರು, ಮೇಲ್ತುದಿಯಲ್ಲಿ ಎರಡು ಬುಡಗಳನ್ನು ನೋಡಿದರೆ ಸಾಕು. ಕೆಳತುದಿಯ ಬೇರು ಕೆಟ್ಟು ಮೇಲ್ತುದಿಯದು ಚೆನ್ನಾಗಿದ್ದರೆ ಕಾರಣವು ನೀರೆಂಬುದು ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ.

ಬಳ್ಳಿಯನ್ನು ಉಳಿಸಿಕೊಳ್ಳುವ ಕ್ರಮ

ಬುಡ ಕೊಳೆತು ಮೇಲ್ಭಾಗವು ಹಸುರಾಗಿರುವ ಬಳ್ಳಿಯನ್ನು ಕಿತ್ತೆಸೆಯುವುದು ಹಣವನ್ನು ಎಸೆದಂತೆ. ಮಳೆಯಿಲ್ಲದ ದಿವಸವನ್ನು ಆರಿಸಿಕೊಂಡು, ಹರಿತವಾದ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರಸಿ, ಕೊಳೆತ ಭಾಗದಿಂದ ಒಂದು ಗೇಣು ಮೇಲಕ್ಕೆ ಕತ್ತರಿಸಬೇಕು. ಕೊಯ್ದ ಮುಖವನ್ನು ನೋಡಿರಿ. ನಡುವಿನ ಉಂಗುರದಲ್ಲಿ ಕಂದು ಚುಕ್ಕೆಯಾಗಲಿ ಗೆರೆಯಾಗಲಿ ಇದ್ದರೆ ರೋಗವು ಇನ್ನೂ ಮೇಲಕ್ಕೆ ಏರಿದೆಯೆಂದು ತಿಳಿದು, ಮುಖವು ಶುದ್ಧವಾಗಿ ಹಸುರು ಬಿಳುಪಾಗಿ ಕಾಣುವವರೆಗೂ ಮತ್ತೆ ಮತ್ತೆ ಕತ್ತರಿಸತಕ್ಕದ್ದು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ಚಾಕುವನ್ನು ಒರಸಬೇಕು; ಇಲ್ಲವಾದರೆ ವೈದ್ಯನೇ ರೋಗವನ್ನು ಹಂಚಿದಂತಾಗುವುದು.

ಹೀಗೆ ದೊರೆತ ಆರೋಗ್ಯವಾದ ಕಾಂಡವನ್ನು ಗೇಣುದ್ದ ಅಥವಾ ಸ್ವಲ್ಪ ಹೆಚ್ಚಿನ ತುಂಡುಗಳಾಗಿ ಮಾಡಿ, ಬುಡ ಯಾವುದು ತುದಿ ಯಾವುದು ಎಂಬುದಕ್ಕೆ ಗುರುತು ಹಾಕಿ, ನೆರಳಿನಲ್ಲಿ ಗಾಳಿಯಾಡುವಂತೆ ಐದರಿಂದ ಏಳು ದಿವಸ ಇಡಬೇಕು. ಕೊಯ್ದ ಮುಖವು ಒಣಗಿ ಚರ್ಮದಂತೆ ಬಿಗಿದುಕೊಳ್ಳುವುದಕ್ಕೆ ಈ ಕಾಲಾವಕಾಶ. ಹಸಿಯ ಗಾಯವನ್ನು ಹಸಿಯ ಮಣ್ಣಿಗೆ ಇಡುವುದರಿಂದಲೇ ನಾಟಿಯ ತುಂಡುಗಳು ಕೊಳೆಯುತ್ತವೆ. ಬಳಿಕ ಮರಳೂ ಕೆಂಪು ಮಣ್ಣೂ ಸಮವಾಗಿ ಬೆರೆಸಿ, ಚೆನ್ನಾಗಿ ಕಳಿತ ಗೊಬ್ಬರವನ್ನು ಅಲ್ಪವಾಗಿ ಸೇರಿಸಿದ ಚೀಲಗಳಲ್ಲಿ ಎರಡು ಮೂರು ಅಂಗುಲ ಆಳಕ್ಕೆ ನೆಟ್ಟು, ಕೆಲವು ದಿವಸ ನೀರು ಹಾಕದೆ, ಆಮೇಲೆ ಮಣ್ಣು ಒಣಗಿದಾಗ ಮಾತ್ರ ಚಿಮುಕಿಸಬೇಕು. ಸುಮಾರು ಒಂದು ತಿಂಗಳಲ್ಲಿ ಬೇರು ಹಿಡಿಯುತ್ತದೆ. ಹೊಸ ಚಿಗುರು ಕಾಣುವವರೆಗೂ ಯೂರಿಯ ಮೊದಲಾದ ಸಾರಜನಕ ಗೊಬ್ಬರಗಳನ್ನು ಕೊಡಕೂಡದು. ಅವುಗಳಿಂದ ಉಬ್ಬಿದ ಎಳೆಯ ಮಾಂಸವು ಕೊಳೆಗೆ ಆಹ್ವಾನ.

ಕೆಲವೊಮ್ಮೆ ಕಾಂಡದ ಮಾಂಸವು ಒಂದೆಡೆ ಕರಗಿಹೋಗಿ, ನಡುವಿನ ನಾರಿನ ದಂಡು ಮಾತ್ರ ಗಟ್ಟಿಯಾಗಿ ಉಳಿದು, ಅದರ ಮೇಲಿನ ಭಾಗ ಹಸುರಾಗಿಯೇ ಇರುವುದುಂಟು. ಇಂತಹ ಬಳ್ಳಿಯನ್ನು ಕತ್ತರಿಸಲೇಬೇಕೆಂಬ ನಿಯಮವಿಲ್ಲ. ಕೊಳೆತ ಮಾಂಸವನ್ನು ಪೂರ್ತಿಯಾಗಿ ಹೆರೆದು ತೆಗೆದು, ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ಹತ್ತು ಲೀಟರು ನೀರು ಸೇರಿಸಿದ ಬೋರ್ಡೋ ಸರಿಯನ್ನು ಬಳಿದರೆ, ಆ ದಂಡಿನ ಮೂಲಕವೇ ನೀರು ಏರಿ ಗಿಡ ಬದುಕುವ ಸಂಭವವಿದೆ. ಕತ್ತರಿಸಿ ತೆಗೆದ ಕೊಳೆತ ತುಂಡುಗಳನ್ನು ತಿಪ್ಪೆಗೆ ಹಾಕುವುದಾಗಲಿ, ಬದುವಿನ ಮೇಲೆ ಬಿಸಾಡುವುದಾಗಲಿ, ಕಾಲುವೆಗೆ ಎಸೆಯುವುದಾಗಲಿ ನೆರೆಯವನಿಗೆ ಮಾಡುವ ದ್ರೋಹ. ತೋಟದಿಂದ ದೂರದಲ್ಲಿ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು.

ಆದರೆ ಗಿಡವನ್ನು ಉಳಿಸಿ ಅದೇ ಹೊಂಡದಲ್ಲಿ ಮತ್ತೆ ನೆಟ್ಟರೆ ಪ್ರಯೋಜನವೇನು? ಬುಡದ ಮಣ್ಣನ್ನು ಒಂದು ಮೊಳದಷ್ಟಾದರೂ ಏರಿಸಿ ದಿಬ್ಬ ಮಾಡಬೇಕು. ಸಾಲುಗಳ ನಡುವೆ ನೀರು ಹೊರಕ್ಕೆ ಹರಿಯುವಂತೆ ಬಸಿಗಾಲುವೆ ತೆಗೆಯಬೇಕು. ಹನಿ ಕೊಳವೆಯ ತೂತು ಕಾಂಡಕ್ಕೆ ತಾಗದೆ ಒಂದು ಗೇಣು ದೂರವಿರಬೇಕು. ಕೆರೆಗೋಡನ್ನು ತೋಟಕ್ಕೆ ಹೊಡೆಯುವುದು ನಮ್ಮ ಸೀಮೆಯ ಹಳೆಯ ಸತ್ಸಂಪ್ರದಾಯ. ರಾಗಿಗೂ ಅಡಕೆಗೂ ಅದು ಹಿತ. ಈ ಬಳ್ಳಿಯ ಬುಡಕ್ಕೆ ಮಾತ್ರ ಆ ಜಿಗಟು ಮಣ್ಣು ಬೇಡ. ಹಸಿಯ ಸಗಣಿ ಗೊಬ್ಬರವನ್ನು ಕಾಂಡಕ್ಕೆ ಒತ್ತಿ ಹಾಕುವುದೂ ಅಷ್ಟೇ ಅಪಾಯಕರ. ನೆತ್ತಿಯ ಮೇಲೆ ಒತ್ತಾಗಿ ಬೆಳೆದ ಕೊಂಬೆಗಳನ್ನು ಕೊಯ್ಲು ಮುಗಿದ ಮೇಲೆ ತೆಳುಗೊಳಿಸಿದರೆ ಗಾಳಿಯಾಡಿ ಮಂಜು ಬೇಗ ಆರುತ್ತದೆ. ವೀಳ್ಯದೆಲೆಯ ತೋಟಗಳಿಗೆ ಹಾಕುವಂತೆ ಪಡುವಣದ ಅಂಚಿನಲ್ಲಿ ಅಗಸೆಯ ಸಾಲನ್ನು ಬೆಳೆಸಿದರೆ ಬೇಸಗೆಯ ಸುಡುವಿಕೆ ತಗ್ಗುವುದು.

ಔಷಧದ ವಿಷಯ

ಔಷಧವೇ ಬೇಡವೆಂದು ಹೇಳುವ ಉದ್ದೇಶವಿಲ್ಲ. ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದಾಗ 1910ರ ಸುಮಾರಿನಲ್ಲಿ ಅಡಕೆಯ ಕೊಳೆರೋಗವನ್ನು ವ್ಯಾಸಂಗ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯಿಂದ ಮಲೆನಾಡಿನ ತೋಟಗಳನ್ನು ಕಾಪಾಡುವ ದಾರಿಯನ್ನು ತೋರಿಸಿಕೊಟ್ಟರು. ಆ ದಾರಿಯ ತಿರುಳೇನೆಂಬುದನ್ನು ಗಮನಿಸಬೇಕು: ದ್ರಾವಣವನ್ನು ಮಳೆಗೆ ಮುಂಚೆ ಹೊಡೆಯಬೇಕು. ಅದು ರೋಗದ ಬೀಜವು ಮೊಳೆಯದಂತೆ ತಡೆಯುವ ಹೊದಿಕೆಯೇ ಹೊರತು ಕೊಳೆತುದನ್ನು ಹಸುರು ಮಾಡುವ ಸಂಜೀವಿನಿಯಲ್ಲ. ನೂರು ಲೀಟರು ನೀರಿಗೆ ಒಂದೊಂದು ಕಿಲೊ ಮೈಲುತುತ್ತ ಮತ್ತು ಸುಣ್ಣ ಸೇರಿದ ಶೇಕಡ 1ರ ದ್ರಾವಣವನ್ನು ಮಳೆ ಹಿಡಿಯುವ ಮುನ್ನ ಈ ಬಳ್ಳಿಗೂ ಹೊಡೆಯಬಹುದು. ಬುಡ ಕರಗಿದ ಮೇಲೆ ಹೊಡೆಯುವುದು, ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ. ಬೇರಿಗೆ ಗಾಳಿಯಿಲ್ಲದೆ ಸಾಯುವ ಗಿಡಕ್ಕೆ ಕಾಂಡದ ಮೇಲೆ ಎಷ್ಟು ಸಿಂಪಡಿಸಿದರೂ ಲಾಭವು ಅಂಗಡಿಯವನಿಗೆ ಮಾತ್ರ.

ಸಸಿಯ ವ್ಯಾಪಾರ ಮತ್ತು ನಮ್ಮ ಹೊಣೆ

ಈ ಬೆಳೆಗೆ ಬೀಜದಿಂದ ಸಸಿ ಮಾಡುವವರು ವಿರಳ; ಕಾಂಡದ ತುಂಡೇ ಸಸಿ. ಆದಕಾರಣ ರೋಗವೂ ತುಂಡಿನ ಸಂಗಡಲೇ ಊರಿಂದೂರಿಗೆ ಪ್ರಯಾಣ ಮಾಡುತ್ತದೆ. ತೋಟಕ್ಕೆ ಹುಣ್ಣು ತಗುಲಿದಾಗ, ಹಣ್ಣಿನಲ್ಲಿ ಹೋದುದನ್ನು ತುಂಡಿನಲ್ಲಿ ಸಂಪಾದಿಸೋಣವೆಂದು ಕತ್ತರಿಸಿ ಮಾರುವ ಮನಸ್ಸು ಹುಟ್ಟುವುದು ಸಹಜ. ಆದರೆ ಅದು ಧರ್ಮವಲ್ಲ. ಮೇಲೆ ಹೇಳಿದ ರೀತಿಯಲ್ಲಿ ಉಳಿಸಿಕೊಂಡ ತುಂಡುಗಳನ್ನು ತನ್ನ ಹೊಲದಲ್ಲಿಯೇ ನೆಡತಕ್ಕದ್ದು, ಮಾರಕೂಡದು. ಕೊಳ್ಳುವವನೂ ತಾಯಿ ತೋಟವನ್ನು ಮಳೆಗಾಲದಲ್ಲಿಯೇ ಹೋಗಿ ನೋಡಿ, ಕಾಂಡದಲ್ಲಿ ಮಚ್ಚೆಯಿಲ್ಲವೆಂದು ಖಚಿತಪಡಿಸಿಕೊಂಡು ಕೊಳ್ಳಬೇಕು. ಬೇಸಗೆಯಲ್ಲಿ ಎಲ್ಲ ಬಳ್ಳಿಯೂ ಆರೋಗ್ಯವಾಗಿಯೇ ತೋರುತ್ತದೆ.

ಸರಕಾರದ ಹೊಣೆಯೂ ಇಲ್ಲಿ ಚಿಕ್ಕದಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ ಸೇರಿದ ಹಿರೇಹಳ್ಳಿಯ ಪ್ರಯೋಗ ಕೇಂದ್ರದಲ್ಲಿ ಈ ಹಣ್ಣಿಗೆಂದೇ ಒಂದು ಉತ್ಕೃಷ್ಟತಾ ಕೇಂದ್ರಕ್ಕೆ ಕೇಂದ್ರ ಸರಕಾರವು 2023ರಲ್ಲಿ ಮಂಜೂರಾತಿ ಕೊಟ್ಟಿತು. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರವನ್ನು ಗುರುತಿಸಿ, ‘ಸಿದ್ದು’ ಎಂಬ ಹೆಸರಿನಿಂದ ಅದರ ಕಸಿಗಳನ್ನು ನಾಡಿಗೆಲ್ಲ ಪರಿಚಯಿಸಿದ ಕೇಂದ್ರವೇ ಇದು. ಹಲಸಿನಲ್ಲಿ ತಾಯಿಮರದ ಶುದ್ಧಿಯನ್ನು ಕಾಪಾಡಿದ ರೀತಿಯಲ್ಲಿಯೇ ಡ್ರ್ಯಾಗನ್ ಹಣ್ಣಿನಲ್ಲಿಯೂ ರೋಗರಹಿತವಾದ ತಾಯಿತೋಟಗಳನ್ನು ಗುರುತಿಸಿ, ಅವುಗಳ ತುಂಡುಗಳಿಗೆ ಮಾತ್ರ ಪ್ರಮಾಣಪತ್ರ ಕೊಡುವ ಏರ್ಪಾಡು ಬಿಗಿಯಾಗಿ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಸಹಾಯಧನ ಕೊಡುವಲ್ಲಿ ಕಂಬಗಳನ್ನು ಎಣಿಸಿದರೆ ಸಾಲದು. ನೆಡುವ ಮೊದಲೇ ಹೊಲದ ತಗ್ಗಿನಲ್ಲಿ ಮೊಣಕಾಲುದ್ದದ ಒಂದು ಗುಂಡಿ ತೋಡಿಸಿ, ನೀರು ತುಂಬಿಸಿ, ಮರುದಿನ ಬೆಳಗ್ಗೆ ನೋಡತಕ್ಕದ್ದು. ನೀರು ಇಂಗದೆ ನಿಂತಿದ್ದರೆ ಆ ರೈತನಿಗೆ ಈ ಬೆಳೆ ಬೇಡವೆಂದು ಹೇಳುವುದೇ ಅವನಿಗೆ ಮಾಡುವ ನಿಜವಾದ ಸಹಾಯ. ಈ ಪರೀಕ್ಷೆಗೆ ಒಂದು ಕೊಡ ನೀರಿಗಿಂತ ಹೆಚ್ಚಿನ ವೆಚ್ಚವಿಲ್ಲ.

ಈಗಾಗಲೇ ನೆಟ್ಟವರಿಗೂ ಇದೇ ಮಾತನ್ನು ಹೇಳಬೇಕಾಗಿದೆ. ಅಲ್ಲೊಂದು ಇಲ್ಲೊಂದು ಕಂಬದ ಬುಡ ಕೆಟ್ಟಿದ್ದರೆ ಮೇಲಿನ ಕ್ರಮದಿಂದ ಉಳಿಸಿಕೊಳ್ಳಿರಿ. ಪ್ರತಿ ಮಳೆಗೂ ಎರಡು ದಿವಸ ನೀರು ನಿಲ್ಲುವ ಹೊಲವಾದರೆ ರೋಗಿಯು ಗಿಡವಲ್ಲ, ಹೊಲ. ಅಲ್ಲಿ ವರ್ಷ ವರ್ಷವೂ ಗಿಡಕ್ಕೆ ಚಿಕಿತ್ಸೆ ಮಾಡುತ್ತ ಸಾಲವನ್ನು ಬೆಳೆಸುವುದಕ್ಕಿಂತ, ಆರೋಗ್ಯವಾದ ತುಂಡುಗಳನ್ನೂ ಕಂಬಗಳನ್ನೂ ಏರು ಭೂಮಿಗೆ ಸಾಗಿಸಿ, ತಗ್ಗನ್ನು ಅಡಕೆಗೋ ಬತ್ತಕ್ಕೋ ಬಿಟ್ಟುಕೊಡುವುದು ವಿವೇಕ. ದೇವರಾಯನದುರ್ಗದ ಕಡೆಯ ಕಲ್ಲುಮಿಶ್ರಿತ ಇಳಿಜಾರುಗಳಲ್ಲಿ ಬೊಂತೆಗಳ್ಳಿ ಹೇಗೆ ನೆಮ್ಮದಿಯಾಗಿ ನಿಂತಿದೆ, ಕೆರೆಯಂಗಳದಲ್ಲಿ ಅದು ಏಕೆ ಇಲ್ಲ ಎಂಬುದನ್ನು ನೋಡಿದವರಿಗೆ ಈ ಮಾತಿಗೆ ಬೇರೆ ಪುರಾವೆ ಬೇಕಾಗಲಾರದು.

ತುಮಕೂರು ನಗರದಲ್ಲಿ ಮನೆಯ ಮಾಳಿಗೆಯ ಮೇಲೆ ಲೋಳೆಸರವನ್ನೂ ಚಿಕ್ಕ ಕಳ್ಳಿಗಳನ್ನೂ ಕುಂಡಗಳಲ್ಲಿ ಬೆಳೆಸುವವರಿಗೂ ಇದೇ ನ್ಯಾಯ. ಎಲೆ ಹಳದಿಯಾಗಿ ಮೆತ್ತಗಾದರೆ ಮೊದಲು ಕುಂಡವನ್ನು ಎತ್ತಿ ನೋಡಿರಿ. ಭಾರವಾಗಿದ್ದರೆ ನೀರು ಹೆಚ್ಚಾಗಿದೆ, ಅಥವಾ ತಳದ ತೂತು ಮುಚ್ಚಿದೆ. ಮಣ್ಣನ್ನು ಕೊಡವಿ, ಕಪ್ಪಾದ ಬೇರನ್ನು ಕತ್ತರಿಸಿ, ಕೆಲವು ದಿವಸ ನೆರಳಿನಲ್ಲಿ ಒಣಗಿಸಿ, ಮರಳು ಸೇರಿದ ಹೊಸ ಮಣ್ಣಿನಲ್ಲಿ ನೆಡಿರಿ. ಕುಂಡದ ಅಡಿಯ ತಟ್ಟೆಯಲ್ಲಿ ನೀರು ನಿಲ್ಲಗೊಡಬೇಡಿರಿ.

ಈ ಬೆಳೆಯು ನಮ್ಮ ಸೀಮೆಗೆ ಒಗ್ಗದೆಂಬ ತೀರ್ಪನ್ನು ಕೊಡಲು ಕಾಲವಿನ್ನೂ ಬಂದಿಲ್ಲ. ಇದಕ್ಕೆ ರೋಗವೇ ಇಲ್ಲವೆಂಬ ಮಾತನ್ನಂತೂ ಇನ್ನು ಯಾರೂ ಆಡಕೂಡದು. ಹಸ್ತ ಚಿತ್ತೆಯ ಮಳೆಗಳಿಗೆ ಮುಂಚೆ ಪ್ರತಿಯೊಬ್ಬ ಬೆಳೆಗಾರನೂ ಗುದ್ದಲಿಯನ್ನು ಹಿಡಿದು ತನ್ನ ತೋಟದ ಕೆಳತುದಿಯಲ್ಲಿ ಹತ್ತು ಬುಡಗಳನ್ನು ಬಿಡಿಸಿ ನೋಡಲಿ. ಬಸಿಗಾಲುವೆಗೆ ಒಂದು ದಿನದ ಕೂಲಿಯನ್ನು ವೆಚ್ಚ ಮಾಡಿದವನು ಕಾರ್ತಿಕದಲ್ಲಿ ಔಷಧಕ್ಕಾಗಿ ಅಂಗಡಿಯ ಮುಂದೆ ನಿಲ್ಲಬೇಕಾಗದು.